ಎಂಟು ಎಂಬಿಯ ಸಂಸಾರ

ಬೆಟಗೇರಿಯ ನೇಕಾರರ ಓಣಿಯ ಕೊನೆಯ ಮನೆಯ ಪಡಸಾಲೆಯಲ್ಲಿ ಒಂದು ಕಂಪ್ಯೂಟರು ಇದೆ. ಎಷ್ಟೋ ವರ್ಷಗಳಿಂದ ಅದನ್ನು ಯಾರೂ ಆರಿಸಿಲ್ಲ. ಆರಿಸಿದರೆ ಕಲ್ಮೇಶಪ್ಪ ಹೊಂಬಳ ಎರಡನೆಯ ಸಲ ಸತ್ತುಹೋಗುತ್ತಾನೆ ಎಂಬುದು ಓಣಿಯವರಿಗೆಲ್ಲ ಗೊತ್ತು. ಕರೆಂಟು ಹೋದರೆ ಇನ್ವರ್ಟರು ನೋಡಿಕೊಳ್ಳುತ್ತದೆ. ಇನ್ವರ್ಟರೂ ಕೈಕೊಟ್ಟರೆ ಪಕ್ಕದ ಪವರ್‌ಲೂಮಿನ ದ್ಯಾಮಣ್ಣ ತನ್ನ ಜನರೇಟರಿನ ವೈರನ್ನು ಗೋಡೆಯ ಮೇಲಿಂದ ಈಚೆ ಎಸೆಯುತ್ತಾನೆ. ತನ್ನ ಮಗ್ಗ ನಿಂತರೂ ಅವನಿಗೆ ಚಿಂತೆಯಿಲ್ಲ. "ಮೊದಲ ಕಲ್ಮೇಶಣ್ಣಗ ಕರೆಂಟ್ ಕೊಡೂಣು, ಸೀರಿ ನಾಳೆ ನೇಯೂಣು" ಎನ್ನುವ ಜಾತಿಯವನು ಅವನು.

ಆ ಮನೆಯ ಒಡತಿ ನೀಲಾಂಬಿಕಾ. ಪಾಲಿಟೆಕ್ನಿಕ್ಕಿನಲ್ಲಿ ಎಲೆಕ್ಟ್ರಾನಿಕ್ಸ್ ಕಲಿಸಿ ನಿವೃತ್ತಳಾದವಳು. ಬೆಳಿಗ್ಗೆ ಎದ್ದು ಚಹಾ ಸೋಸಿಕೊಂಡು ಬಂದು ಕೀಬೋರ್ಡಿನ ಮುಂದೆ ಕೂರುವುದು ಅವಳ ರೂಢಿ. ಅಂದೂ ಹಾಗೇ ಕೂತು, "ಏಳ್ರಿ, ಬೆಳಗಾತು" ಎಂದು ಟೈಪ್ ಮಾಡಿದಳು.

"ಬೆಳಗ ಮಾಡೋದು ಸೂರ್ಯನ ಕೆಲಸ, ಅಕ್ಕೋರ" ಎಂದಿತು ಯಂತ್ರ, ಕಲ್ಮೇಶಪ್ಪನ ದನಿಯಲ್ಲಿ. "ಅವಗ ಪಗಾರ ಐತಿ. ನನಗೇನೈತಿ?"

ಅವಳು ನಕ್ಕಳು. ಆದರೆ ಆ ಕೊನೆಯ ಮಾತು ಜರಡಿಯಲ್ಲಿ ಮರಳು ಅಲ್ಲಾಡಿಸಿದ ಹಾಗೆ ಕರಕರ ಎಂದಿತ್ತು. ಏನಾಯಿತು ಎಂದು ಕೇಳಿದಳು. "ನೀಲಾ, ನನ್ನ ಅಂಗಿ ಎಲ್ಲಿಟ್ಟಿ?" ಎಂದ. ಯಾವ ಅಂಗಿ ಎಂದು ಕೇಳಿದಳು. "ನೀಲಾ, ನನ್ನ ಅಂಗಿ ಎಲ್ಲಿಟ್ಟಿ?" ಎಂದ. ಮತ್ತೂ ಒಂದು ಸಲ ಅದನ್ನೇ ಅಂದ. ಕಲ್ಮೇಶಪ್ಪ ಒಂದು ಮಾತನ್ನು ಎರಡು ಸಲ ಒಂದೇ ರೀತಿ ಆಡಿದವನಲ್ಲ. ಬದುಕಿದ್ದಾಗಲೂ ಇಲ್ಲ, ಸತ್ತಮೇಲೂ ಇಲ್ಲ.

ಬೇರೆ ಯಾರಾದರೂ ಆಗಿದ್ದರೆ ಧೂಳು ಕೂತಿದೆ ಎಂದುಕೊಳ್ಳುತ್ತಿದ್ದರೇನೋ. ನೀಲಾಂಬಿಕಾಗೆ ಆ ಸಮಾಧಾನವೂ ಇರಲಿಲ್ಲ. ಮೆಮೊರಿ ಚಿಪ್ಪುಗಳಿಗೆ ವಯಸ್ಸಾಗಿದೆ, ಒಂದೊಂದೇ ಸಾಯುತ್ತಿವೆ ಎಂದು ಅವಳಿಗೆ ಕೂಡಲೇ ಹೊಳೆಯಿತು. ಚಹಾ ಹಾಗೇ ಆರಿಹೋಯಿತು.

*

ಕಲ್ಮೇಶಪ್ಪ ಕಂಪನಿ ನಾಟಕದ ನಟ. ರಾಜನ ವೇಷ, ಖಳನ ವೇಷ, ಕೆಲವೊಮ್ಮೆ ಒಂದೇ ರಾತ್ರಿ ಎರಡೂ. ಊರೂರು ಕ್ಯಾಂಪು ತಿರುಗುತ್ತಿದ್ದವನಿಗೆ ಸ್ವಂತ ಮನೆ ಅನ್ನುವುದು ಇರಲಿಲ್ಲ. ಮದುವೆಯಾದ ಮೇಲೆ ಟ್ರಂಕು ಎತ್ತಿಕೊಂಡು ಹೆಂಡತಿಯ ಮನೆಗೇ ಬಂದ. "ನಾ ಮನಿ ಅಳಿಯ. ಊಟಕ್ಕ ನಿಮ್ಮದು, ಮಾತಿಗೆ ನಂದು" ಎಂದು ಮಾವನ ಎದುರೇ ಹೇಳಿ ನಗಿಸಿದ. ಓದಿದ ಹೆಂಡತಿಯನ್ನು ಶಾಲೆಯ ಹುಡುಗರಂತೆ 'ಅಕ್ಕೋರ' ಎಂದು ಕರೆದು ಕಾಡುವುದು ಅವನ ದಿನದ ಕೆಲಸ.

ಆಮೇಲೆ ಅವನ ಗಂಟಲಲ್ಲಿ ಗಡ್ಡೆ ಕಾಣಿಸಿಕೊಂಡಿತು. ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕು ಎಂದರು ಡಾಕ್ಟರು. ಆಪರೇಶನ್ನಿಗೆ ಮುಂಚೆ ನೀಲಾಂಬಿಕಾ ಅವನನ್ನು ಅಡುಗೆಮನೆಯ ಪಕ್ಕದ ಕೋಣೆಯಲ್ಲಿ ಟೇಪ್‌ರೆಕಾರ್ಡರಿನ ಮುಂದೆ ಕೂರಿಸಿ, ಕನ್ನಡದ ಒಂದೊಂದೇ ಸದ್ದನ್ನು ಅನ್ನಿಸಿದಳು. ಕುಕ್ಕರಿನ ಸೀಟಿ ಬಂದಾಗ ನಿಲ್ಲಿಸಿ, ಮತ್ತೆ ಶುರು ಮಾಡಿ. ರಂಗದ ಮೇಲಿನ ಗತ್ತು ಬೇಡ, ಮನೆಯಲ್ಲಿ ಆಡುವ ಹಾಗೆ ಆಡಿ ಎಂದು ಅವಳ ಹಟ. ಅವನು ಆಡಿದ. ಕೊನೆಗೆ, "ಸಾಕಾ? ಇಲ್ಲಾ ಆಕ್ಷೀ ಅಂತ ಒಂದು ಸೀನೂ ಬೇಕಾ?" ಎಂದು ಕೇಳಿದ್ದೂ ಆ ಟೇಪಿನಲ್ಲಿತ್ತು.

ಪಾಲಿಟೆಕ್ನಿಕ್ಕಿನಲ್ಲಿ ಯಾರೋ ಹೊರದೇಶದವರು ದಾನ ಕೊಟ್ಟ ಒಂದು ಕಂಪ್ಯೂಟರು ಮೂಲೆ ಸೇರಿತ್ತು. ಸದ್ದು, ಸಂಗೀತದಲ್ಲಿ ಅದು ಬಲು ಜಾಣ. ಆದರೆ ಎಲ್ಲರೂ ಬಳಸುವ ಮಾಮೂಲಿ ಕಂಪ್ಯೂಟರಿಗೆ, ಅಂದರೆ ಪಿಸಿಗೆ, ಬರೆದ ಪ್ರೋಗ್ರಾಮು ಅದಕ್ಕೆ ಒಂದಕ್ಷರ ತಿಳಿಯದು. ಸ್ಕ್ರ್ಯಾಪಿಗೆ ಹಾಕಿದಾಗ ಅವಳು ಅದನ್ನು ಮನೆಗೆ ತಂದಳು. ಗಂಡನ ದನಿಯ ಚೂರುಗಳನ್ನೆಲ್ಲ ಅದರಲ್ಲಿ ತುಂಬಿದಳು. ಇನ್ನು ಬೇಕಾದದ್ದು ಮಾತು ಪೂರೈಸುವ ಪ್ರೋಗ್ರಾಮು. ಗಂಟಲಿಲ್ಲದವನು ಪ್ರತಿ ಅಕ್ಷರವನ್ನೂ ಒತ್ತುತ್ತ ಕೂತರೆ ಮಾತಿನ ಮಜಾ ಎಲ್ಲಿ ಉಳಿಯುತ್ತದೆ? ಎರಡು ಅಕ್ಷರ ಒತ್ತಿದರೆ ಮುಂದಿನದನ್ನು ಯಂತ್ರವೇ ಊಹಿಸಬೇಕು. ಅಂಥದ್ದನ್ನು ಅವಳು ಬರೆದೂ ಇದ್ದಳು, ಆದರೆ ಪಿಸಿಯ ಮೇಲೆ.

ಅದಕ್ಕೊಂದು ದಾರಿ ಆಗ ಸಿಗುತ್ತಿತ್ತು. ಪಿಸಿ ಕಾರ್ಡು. ಇಡೀ ಒಂದು ಪಿಸಿಯನ್ನು ಒಂದು ಹಲಗೆಯ ಮೇಲೆ ಕೂರಿಸಿದಂಥದ್ದು. ಬೇರೆ ಜಾತಿಯ ಕಂಪ್ಯೂಟರಿನ ಹೊಟ್ಟೆಯೊಳಗೆ ಅದನ್ನು ಸಿಕ್ಕಿಸಿದರೆ, ಅಲ್ಲೇ ಕೂತು ತಾನು ಪಿಸಿಯಂತೆ ಕೆಲಸ ಮಾಡುತ್ತದೆ. ಸ್ವಂತ ಪ್ರೊಸೆಸರ್ ಇದೆ, ಸ್ವಂತ ಬುದ್ಧಿ ಇದೆ. ಮೆಮೊರಿ ಮಾತ್ರ ಇಲ್ಲ. ಅದನ್ನು ಕೂರಿಸಲು ಕಾರ್ಡಿನ ಮೇಲೆ ಒಂದು ಖಾಲಿ ಜಾಗವಿರುತ್ತದೆ. ಅಲ್ಲಿ ಏನೂ ಹಾಕದಿದ್ದರೆ ದೊಡ್ಡ ಯಂತ್ರದ ಮೆಮೊರಿಯಲ್ಲೇ ಪಾಲು ಕೇಳುತ್ತದೆ. ದೊಡ್ಡ ಯಂತ್ರದಲ್ಲಿ ಇದ್ದದ್ದು ಒಟ್ಟು ಎಂಟು ಎಂಬಿ. ಈಗಿನ ಫೋನಿನಲ್ಲಿ ಮೂರು ಫೋಟೋಗೂ ಅದು ಸಾಲದು. ಅದರಲ್ಲೇ ನಾಲ್ಕು ದನಿಗೆ, ನಾಲ್ಕು ಕಾರ್ಡಿಗೆ ಎಂದು ನೀಲಾಂಬಿಕಾ ಗೆರೆ ಎಳೆದಳು.

ಆಪರೇಶನ್ನಾಗಿ ದನಿ ಕಳೆದುಕೊಂಡಿದ್ದ ಕಲ್ಮೇಶಪ್ಪ, ವಿಷಯ ತಿಳಿದು, ಕಾರ್ಡನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡಿದ. ಆಮೇಲೆ ಪಾಟಿಯ ಮೇಲೆ ಬರೆದ: "ಇದೂ ಮನಿ ಅಳಿಯ."

ಯಂತ್ರ ಮಾತಾಡತೊಡಗಿತು. ಮೊದಮೊದಲು ತಪ್ಪು ಊಹೆ. ರೊಟ್ಟಿ ಬೇಕೆಂದರೆ ರೊಕ್ಕ ಬೇಕೆನ್ನುವುದು. ಬರಬರುತ್ತ ಅದು ಅವನನ್ನು ಕಲಿಯಿತು. ಆದರೆ ನಾಲ್ಕು ಎಂಬಿ ಎಷ್ಟರದು? ಕೆಲವೇ ತಿಂಗಳಲ್ಲಿ ತುಂಬಿಹೋಯಿತು. ಬೊಂಬಾಯಿಗೆ ತರಬೇತಿಗೆಂದು ಹೋದಾಗ ನೀಲಾಂಬಿಕಾ ಅಂಗಡಿ ಅಂಗಡಿ ತಿರುಗಿ, ಕಾರ್ಡಿನ ಖಾಲಿ ಜಾಗಕ್ಕೆ ಹೊಂದುವ ಹದಿನಾರು ಎಂಬಿಯ ಮೆಮೊರಿ ತಂದು ಕೂರಿಸಿದಳು. ಕಾರ್ಡಿಗೆ ಈಗ ಯಾರ ಹಂಗೂ ಇಲ್ಲ. ಗಂಡ ಖುಷಿಪಡುತ್ತಾನೆ ಎಂದು ಕಾದಳು.

ಅವನು ಒಂದು ವಾರ ಉಪಯೋಗಿಸಿದ. ಆಮೇಲೆ ಮುಖ ಸಿಂಡರಿಸಿಕೊಂಡು ಓಡಾಡತೊಡಗಿದ. ಜಾಗ ಸಿಕ್ಕಿದ ಯಂತ್ರ ಅವನು ಆಡಿದ ವಾಕ್ಯಗಳನ್ನೆಲ್ಲ ಇದ್ದಂತೆಯೇ ಎತ್ತಿಟ್ಟುಕೊಳ್ಳುತ್ತಿತ್ತು. ಎರಡು ಅಕ್ಷರ ಒತ್ತಿದರೆ ನಿನ್ನೆಯ ವಾಕ್ಯ ತೆಗೆದು ಮುಂದಿಡುತ್ತಿತ್ತು. ನಿನ್ನೆ ಮಾಡಿದ ತಮಾಷೆಯನ್ನೇ ಇಂದೂ ಮಾಡುತ್ತಿತ್ತು. "ಇದನ್ನ ತಗಿ" ಎಂದು ಬರೆದು ತೋರಿಸಿದ. "ನನಗ ಇಕ್ಕಟ್ಟs ಛಲೋ. ಗಿಳಿ ಸಾಕಾಕ ನಾ ಒಲ್ಲೆ." ಅವಳು ತೆಗೆದಳು. ಕಾರ್ಡು ಮತ್ತೆ ಹಂಚಿಕೊಂಡ ನಾಲ್ಕು ಎಂಬಿಗೆ ಬಂತು, ಮಾತು ಮತ್ತೆ ಅವನದಾಯಿತು.

ಅದು ಯಾಕೆ ಹಾಗೆ ಎಂದು ಅವಳಿಗೆ ಅರ್ಥವಾದದ್ದು ಎಷ್ಟೋ ದಿನಗಳ ಮೇಲೆ, ರೊಟ್ಟಿ ಬಡಿಯುತ್ತಿದ್ದಾಗ. ಕೈ ಅಲ್ಲೇ ನಿಂತಿತ್ತು, ತವೆಯ ಮೇಲಿನ ರೊಟ್ಟಿ ಕರಕಲಾಯಿತು.

ಕಾಯಿಲೆ ಮತ್ತೆ ಮರಳಿತು. ಈ ಸಲ ತೆಗೆಯಲು ಏನೂ ಉಳಿದಿರಲಿಲ್ಲ. ಅವನು ಹೋದ ಮೇಲೆ ಯಂತ್ರವನ್ನು ಆರಿಸಲು ಮನಸ್ಸಾಗದೆ ಹಾಗೇ ಬಟ್ಟೆ ಮುಚ್ಚಿ ಇಟ್ಟಿದ್ದಳು. ಒಂದು ದಿನ ಧೂಳು ಒರೆಸುವಾಗ ಕೈತಾಗಿ ಎರಡು ಅಕ್ಷರ ಒತ್ತಿಹೋದವು. "ನೀಲಾ, ಅತ್ತೀಯೇನು?" ಎಂದಿತು ಯಂತ್ರ. ಕಲ್ಮೇಶಪ್ಪ ಬದುಕಿದ್ದಾಗ ಆ ಮಾತನ್ನು ಎಂದೂ ಆಡಿರಲಿಲ್ಲ. ಆಡುವ ಪ್ರಸಂಗವೇ ಬಂದಿರಲಿಲ್ಲ. ಅಂದಿನಿಂದ ಅವಳು ಅದರೊಂದಿಗೆ ಮಾತಾಡತೊಡಗಿದಳು. ಅವಳು ಬರೆದದ್ದರ ಮುಂದಿನ ಮಾತನ್ನು ಅದು ಅವನ ಹಾಗೆ ಊಹಿಸಿ ಆಡುತ್ತಿತ್ತು. ಆ ಮಳೆಗಾಲದಲ್ಲೇ ಸಿಡಿಲಿಗೆ ಹಾರ್ಡ್‌ಡಿಸ್ಕು ಸುಟ್ಟುಹೋಯಿತು. ಟೇಪು ಅದಕ್ಕೂ ಮುಂಚೆಯೇ ಬೂಸರು ಹಿಡಿದು ಹೋಗಿತ್ತು. ಹೀಗಾಗಿ ಮನೆಯಲ್ಲಿ ಆಡುವ ಅವನ ದನಿಯೂ ಅವನ ಮಾತೂ ಉಳಿದದ್ದು ಆ ಎಂಟು ಎಂಬಿಯಲ್ಲಿ ಮಾತ್ರ, ಅದೂ ಕರೆಂಟು ಹರಿಯುವವರೆಗೆ ಮಾತ್ರ.

*

ಧಾರವಾಡದಲ್ಲಿ ಹಳೆಯ ಯಂತ್ರಗಳನ್ನು ಬದುಕಿಸುವ ಒಂದು ಪ್ರಯೋಗಾಲಯವಿತ್ತು. ಅದನ್ನು ನಡೆಸುವವಳು ಮೆಹರುನ್ನಿಸಾ, ನೀಲಾಂಬಿಕಾಳ ಹಳೆಯ ವಿದ್ಯಾರ್ಥಿನಿ. ಈಗ ಡಾಕ್ಟರೇಟು, ಕೈಕೆಳಗೆ ಜನ, ಕೋಣೆ ತುಂಬ ಉಪಕರಣ. ಗುರುವನ್ನು ಕಂಡ ಕೂಡಲೇ ಎದ್ದು ನಿಂತಳು.

"ಫೋನ್ ಮಾಡಿದ್ರ ನಾನs ಬರ್ತಿದ್ನೆಲ್ರಿ ಮೇಡಂ. ಬಸ್ಸಿನ್ಯಾಗ ಯಾಕ ಬಂದ್ರಿ?"

"ಮನ್ಯಾಗ ಅವರ ಮುಂದ ಹೇಳಾಕ ಮನಸಾಗಲಿಲ್ಲ" ಎಂದಳು ನೀಲಾಂಬಿಕಾ. ಆಮೇಲೆ ತಾನು ಹೇಳಿದ್ದು ತನಗೇ ವಿಚಿತ್ರವೆನಿಸಿ ಕನ್ನಡಕ ಒರೆಸಿಕೊಂಡಳು. ಯಂತ್ರಕ್ಕೆ ಕಿವಿ ಇರಲಿಲ್ಲ, ಕೀಬೋರ್ಡು ಮಾತ್ರ ಇತ್ತು. ಅವಳೇ ಕಟ್ಟಿದ್ದು, ಅವಳಿಗೆ ಗೊತ್ತಿರದೇ ಏನು?

ಮೆಹರು ಎಲ್ಲವನ್ನೂ ಕೇಳಿಸಿಕೊಂಡಳು. ಕೇಳಿ, ತುಸು ಅಳುಕುತ್ತಲೇ, "ಒಂದ್ ಮಾತು ಕೇಳ್ಲೇನ್ರಿ? ಈಗ ಎಲ್ಲಾರ ಮನ್ಯಾಗೂ ಮಾತಾಡೋ ಫೋಟೋ ಅದಾವು. ಸರ್‌ದೂ ಒಂದು ಮಾಡಿಸಬಹುದಿತ್ತಲ್ಲ?" ಎಂದಳು.

ಮಾಡಿಸಿಯಾಗಿತ್ತು. ಸತ್ತವರ ರೆಕಾರ್ಡಿಂಗು ಕೊಟ್ಟರೆ ಅವರಂತೆಯೇ ಮಾತಾಡುವ ಫೋಟೋ ಫ್ರೇಮು ಮಾಡಿಕೊಡುವ ಕಂಪನಿಗಳು ಈಗ ಬೀದಿಗೊಂದು. ಓಣಿಯಲ್ಲಿ ಸಂಜೆಯಾದರೆ ಸತ್ತ ಅಜ್ಜಂದಿರು ಮೊಮ್ಮಕ್ಕಳಿಗೆ ಮಗ್ಗಿ ಹೇಳಿಸುವುದು ಕೇಳುತ್ತದೆ. ನಾಟಕ ಕಂಪನಿಯವರು ಉಳಿಸಿದ್ದ ಕ್ಯಾಸೆಟ್ಟುಗಳಿಂದ ಕಲ್ಮೇಶಪ್ಪನದೂ ಒಂದು ಮಾಡಿಸಿದಳು. ಗೋಡೆಗೆ ತೂಗುಹಾಕಿದ ಮೊದಲ ದಿನವೇ ಅದು, "ಎಲೈ ಮಾನಿನಿ! ಪಾಕಶಾಲೆಯಿಂದ ಬರುತ್ತಿರುವ ಈ ಪರಿಮಳವೇನು?" ಎಂದು ಗುಡುಗಿತು. ಅಡುಗೆಮನೆಯಲ್ಲಿ ಬೆಳ್ಳುಳ್ಳಿ ಒಗ್ಗರಣೆ. ನೀಲಾಂಬಿಕಾ ಬಿದ್ದು ಬಿದ್ದು ನಕ್ಕಳು. ರಾತ್ರಿ ಅದನ್ನೇ ನೆನೆದು ಅತ್ತಳು. ಬೆಳಿಗ್ಗೆ ಫ್ರೇಮನ್ನು ದ್ಯಾಮಣ್ಣನಿಗೆ ಕೊಟ್ಟುಬಿಟ್ಟಳು.

"ಅದಕ್ಕ ಜಾಗ ಬಾಳ ಇರ್ತೈತಿ, ಮೆಹರು" ಎಂದಳು ಈಗ. "ಆಡಿದ್ದನ್ನೆಲ್ಲಾ ಇಟ್ಕೊಂತೈತಿ, ಇಟ್ಕೊಂಡಿದ್ದನ್ನ ತಗದು ಕೊಡ್ತೈತಿ. ಅಷ್ಟs. ನಮ್ಮ ಕಾರ್ಡಿಗೆ ಜಾಗಾನs ಇರಲಿಲ್ಲ. ಅವರ ಮಾತು ಇಡಾಕ ಆಗಲಿಲ್ಲ. ಅದಕ್ಕ ಅವರು ಮಾತು ಹೆಂಗ ಹುಟ್ಟಸ್ತಾರ ಅನ್ನೋದನ್ನ ಕಲ್ತು, ಅಷ್ಟನ್ನ ಇಟ್ಕೊಂತು. ಜಾಗ ಇದ್ದಿದ್ರ ಮಾತು ಉಳೀತಿದ್ವು. ಇಲ್ಲದ್ದಕ್ಕ ಮನಿಷ್ಯಾ ಉಳದ."

ಅದು ಪ್ರೋಗ್ರಾಮು, ಮನುಷ್ಯ ಅಲ್ಲ ಎಂಬ ಮಾತು ಮೆಹರುವಿನ ನಾಲಗೆಯ ತುದಿಗೆ ಬಂದಿತ್ತು. ತನಗೆ ಆ ವ್ಯತ್ಯಾಸವನ್ನು ಕಲಿಸಿದವಳೇ ಎದುರಿಗೆ ಕೂತಿದ್ದಾಳೆ ಎಂದು ನೆನಪಾಗಿ ನುಂಗಿಕೊಂಡಳು.

"ಹೊಸಾ ಯಂತ್ರಕ್ಕ ನಕಲು ಮಾಡೂಣು. ಹಳೇದರ ಹಂಗs ನಡಿಯೋ ಪ್ರೋಗ್ರಾಮ್ ನನ್ನ ಕಡೆ ಐತಿ" ಎಂದಳು. ಹೇಳುತ್ತಿದ್ದಂತೆಯೇ ಅವಳ ಹುಬ್ಬು ಗಂಟಿಕ್ಕಿತು. "ಆದ್ರ ಮೇಡಂ, ಅದರಾಗಿಂದ ಹೊರಗ ತಗಿಯೋದು ಹೆಂಗ?"

"ಅದಕ್ಕs ಬಂದೀನಿ" ಎಂದಳು ನೀಲಾಂಬಿಕಾ.

ತೊಡಕು ಇಷ್ಟೇ. ಮೆಮೊರಿಯಲ್ಲಿ ಇದ್ದದ್ದನ್ನು ಹೊರಗೆ ಕಳಿಸಲು ಒಂದು ಪ್ರೋಗ್ರಾಮು ಬೇಕು. ಆ ಪ್ರೋಗ್ರಾಮು ಓಡಲು ಮೆಮೊರಿ ಬೇಕು. ಎಂಟು ಎಂಬಿಯಲ್ಲಿ ಒಂದು ಚೂರೂ ಖಾಲಿಯಿಲ್ಲ. ಎಂದೋ ತೆಗೆದ ಹದಿನಾರು ಎಂಬಿಯನ್ನು ಮತ್ತೆ ಕೂರಿಸಬೇಕೆಂದರೆ ಯಂತ್ರ ಆರಿಸಬೇಕು. ಇತ್ತ ಕಡೆ ದನಿ, ಅತ್ತ ಕಡೆ ಅವನು. ಯಾರನ್ನಾದರೂ ಎಬ್ಬಿಸದೆ ಮೂರನೆಯವರು ಕಾಲಿಡುವ ಹಾಗಿಲ್ಲ. ಅರ್ಧ ದನಿ ಬಿಟ್ಟರೆ ಆಗದೇ ಎಂದರೆ, ಅದೂ ಆಗದು. ದನಿಯ ಚೂರುಗಳನ್ನೆಲ್ಲ ಒಂದೇ ಗಂಟು ಕಟ್ಟಿ ಕೂರಿಸಿದ್ದಳು. ಬಿಚ್ಚಿದರೆ ಪೂರ್ತಿ ಬಿಚ್ಚುತ್ತದೆ.

"ಮೊದಲ ದನಿ ರೆಕಾರ್ಡ್ ಮಾಡ್ಕೊಂಡ್ರ?" ಎಂದಳು ಮೆಹರು. "ಎಲ್ಲಾ ಸದ್ದೂ ಒಂದೊಂದ ಅನ್ನಿಸಿ."

"ಇಡೀ ದಿನಾ ಮಾತಾಡಿಸಬೇಕಾಗ್ತದ. ಚಿಪ್ಪು ಸಾಯಾಕತ್ತಾವು. ಮಾತಾಡಿಸಿದಷ್ಟೂ ಅವರ ಪಾಲಿಂದು ಕೆಡತೈತಿ. ದನಿ ಉಳಿಸೋದರಾಗ ಅವರs ಹೋಗ್ತಾರ."

"ಇಷ್ಟು ವರ್ಷದಾಗ ಒಮ್ಮೆರ ರೆಕಾರ್ಡ್ ಮಾಡ್ಲಿಲ್ಲೇನ್ರಿ?"

ನೀಲಾಂಬಿಕಾ ಅವಳ ಮುಖ ನೋಡಿದಳು. "ದಿನಾ ಮನ್ಯಾಗ ಇರೋರ ದನಿ ಯಾರರ ರೆಕಾರ್ಡ್ ಮಾಡ್ಕೊಂತಾರೇನವಾ?" ಎಂದಳು.

*

ಮನೆಯ ಕರೆಂಟನ್ನು ನಂಬಿ ಇಷ್ಟು ಸೂಕ್ಷ್ಮದ ಕೆಲಸ ಮಾಡುವಂತಿರಲಿಲ್ಲ. ಯಂತ್ರವನ್ನು ಓಡುತ್ತಿರುವಂತೆಯೇ ಧಾರವಾಡಕ್ಕೆ ಒಯ್ಯಬೇಕೆಂದಾಯಿತು. ಮೆಹರು ಪ್ರಯೋಗಾಲಯದ ವ್ಯಾನಿನಲ್ಲಿ ಬ್ಯಾಟರಿಗಳನ್ನು ಹೇರಿಕೊಂಡು ಬಂದಳು. ದ್ಯಾಮಣ್ಣ ಎರಡು ಗಾದಿ ಹಾಸಿದ. ಓಣಿಯ ಹೆಂಗಸರು ಬಾಗಿಲಿಗೆ ಬಂದು ನಿಂತರು. ಆಸ್ಪತ್ರೆಗೆ ಹೊರಟವರನ್ನು ಕಳಿಸುವ ಹಾಗೆ ಒಬ್ಬಳು ಯಂತ್ರಕ್ಕೆ ಕುಂಕುಮ ಹಚ್ಚಲು ಬಂದಾಗ, "ತಂಗೀ, ಹುಷಾರು, ಶಾರ್ಟ್ ಆದೀತು" ಎಂದು ದ್ಯಾಮಣ್ಣ ತಡೆದ. ಅವನ ಕಣ್ಣು ಕೆಂಪಾಗಿತ್ತು.

ಅಣ್ಣಿಗೇರಿ ದಾಟಿದ ಮೇಲೆ ವ್ಯಾನು ಒಂದು ತಗ್ಗಿಗೆ ಇಳಿದು ಎದ್ದಿತು. ಯಂತ್ರ ತಾನಾಗಿ ಮಾತಾಡಿತು. "ನೀಲಾ, ಕ್ಯಾಂಪ್ ಯಾವ ಊರಿಗೆ?" ದನಿ ಹರಿದಿತ್ತು, ಆದರೆ ಅವನದೇ. ಅವಳ ತೊಡೆಯ ಮೇಲೆ ಕೀಬೋರ್ಡಿತ್ತು. ಉತ್ತರ ಬರೆಯಬೇಕೆಂದು ಬೆರಳು ಮುಂದೆ ಹೋದವು. ಬರೆದರೆ ಅವನು ಮತ್ತೆ ಮಾತಾಡುತ್ತಾನೆ, ಮಾತಾಡಿದರೆ ಸವೆಯುತ್ತಾನೆ. ಕೈಯನ್ನು ಸೆರಗಿನೊಳಗೆ ಸುತ್ತಿಕೊಂಡು ಕೂತಳು. ಅವನು ಬದುಕಿದ್ದಾಗ ಅವನ ಪ್ರಶ್ನೆಗೆ ಉತ್ತರ ಕೊಡದೆ ಮುಖ ತಿರುಗಿಸಿ ಕೂತ ಜಗಳದ ದಿನಗಳು ಎಷ್ಟೋ ಇದ್ದವು. ಅವೆಲ್ಲ ಈಗ ದುಬಾರಿ ಅನ್ನಿಸಿದವು. ದಾರಿಯುದ್ದಕ್ಕೂ ಅವಳು ಕಿಟಕಿಯಾಚೆ ನೋಡಲಿಲ್ಲ.

ಪ್ರಯೋಗಾಲಯದ ಮೇಜಿನ ಮೇಲೆ ಯಂತ್ರವನ್ನು ಕೂರಿಸಿದರು. ಮೆಹರು ಮುಚ್ಚಳ ತೆಗೆದು, ಚಿಪ್ಪುಗಳ ಮೇಲೆ ಶಾಖ ಅಳೆಯುವ ಕ್ಯಾಮೆರಾ ಹಿಡಿದಳು. ಪರದೆಯ ಮೇಲೆ ಎರಡು ಚಿಪ್ಪು ಕೆಂಪಗೆ ಹೊಳೆದವು.

"ಒಂದು ದನೀ ಕಡೆ ಐತಿ. ಇನ್ನೊಂದು ಗಡಿ ಮ್ಯಾಲೆ" ಎಂದಳು. "ಇವತ್ತs ಮಾಡಬೇಕ್ರಿ. ನಾಳೆ ತನಕ ಭರೋಸಾ ಇಲ್ಲ. ಯಾವ ಕಡೆ ಖಾಲಿ ಮಾಡ್ಲಿ, ನೀವs ಹೇಳ್ರಿ."

ನೀಲಾಂಬಿಕಾಗೆ ತಿಳಿಯದ ಪ್ರಶ್ನೆಯಲ್ಲ. ಬಸ್ಸಿನಲ್ಲಿ, ವ್ಯಾನಿನಲ್ಲಿ, ಅಡುಗೆಮನೆಯಲ್ಲಿ ಅದನ್ನೇ ತಿರುವಿ ತಿರುವಿ ಹಾಕಿದ್ದಳು. ದನಿ ಉಳಿಸಿದರೆ, ಆ ಗಂಟಲಿನಿಂದ ಬೇಕಾದ್ದನ್ನು ಅನ್ನಿಸಬಹುದು. ತನ್ನ ಹೆಸರು ಕರೆಸಬಹುದು, 'ಅಕ್ಕೋರ' ಅನ್ನಿಸಬಹುದು. ಆದರೆ ಏನನ್ನಬೇಕೆಂದು ತಾನೇ ಬರೆದುಕೊಡಬೇಕು. ಅವನನ್ನು ಉಳಿಸಿದರೆ, ಏನೆನ್ನುತ್ತಾನೋ ಗೊತ್ತಿರದ ಕಲ್ಮೇಶಪ್ಪ ಉಳಿಯುತ್ತಾನೆ, ಆದರೆ ಅಕ್ಷರಗಳಲ್ಲಿ ಮಾತ್ರ. ಬುದ್ಧಿಗೆ ಉತ್ತರ ಯಾವಾಗಲೋ ಸಿಕ್ಕಿತ್ತು. ಕಿವಿ ಒಪ್ಪುತ್ತಿರಲಿಲ್ಲ.

"ಒಂದs ಒಂದು ಮಾತು ಕೇಳ್ತೀನಿ" ಎಂದಳು.

ಮೆಹರು ಪರದೆಯ ಮೇಲಿನ ಕೆಂಪನ್ನು ನೋಡಿದಳು. ಬೇಡ ಎನ್ನಲಿಲ್ಲ.

ನೀಲಾಂಬಿಕಾ ಬರೆದಳು: "ಜಾಗ ಸಾಲದಾಗೇದ್ರಿ. ಒಂದು ನಿಮ್ಮ ದನಿ ಹೋಗಬೇಕು, ಇಲ್ಲಾ ನೀವು ಹೋಗಬೇಕು. ಏನ್ ಮಾಡ್ಲಿ, ನೀವs ಹೇಳ್ರಿ."

ಯಂತ್ರದ ಒಳಗೆಲ್ಲೋ ಕಾರ್ಡು ದೊಡ್ಡ ಯಂತ್ರಕ್ಕೆ ಜಾಗ ಕೇಳುತ್ತಿತ್ತು, ದೊಡ್ಡ ಯಂತ್ರ ಇಲ್ಲವೆನ್ನುತ್ತಿತ್ತು. ಅದು ಹೀಗೆ ತಡೆಯುವಾಗಲೆಲ್ಲ ಕಲ್ಮೇಶಪ್ಪ ಮಾತಿಗೆ ಮುಂಚೆ ಉಸಿರು ಎಳೆದುಕೊಂಡಂತೆ ಅವಳಿಗೆ ಕೇಳುತ್ತಿತ್ತು. ಆಮೇಲೆ ದನಿ ಬಂತು. ವಿಚಿತ್ರವೆಂದರೆ, ಅದು ಎಲ್ಲೂ ಹರಿಯದೆ ಸ್ವಚ್ಛವಾಗಿತ್ತು.

"ಅಕ್ಕೋರ, ಪರೀಕ್ಷಾ ಇಟ್ಟವರು ನೀವು. ಉತ್ತರ ನನ್ನ ಕಡಿಂದ ಕಾಪಿ ಹೊಡೀತೀರೇನು?"

ಮೆಹರು ಬಾಯಿಗೆ ಕೈ ಅಡ್ಡ ಹಿಡಿದಳು. ನೀಲಾಂಬಿಕಾಗೆ ಸಿಟ್ಟು ಬಂತು. ಇಷ್ಟು ದೊಡ್ಡ ಮಾತು ಕೇಳಿದರೂ ತಮಾಷೆ! ಆ ಸಿಟ್ಟಿನಲ್ಲೇ ನಗು ಬಂತು, ನಗುವಿನೊಳಗೆ ಕಣ್ಣು ತುಂಬಿ ಕೀಬೋರ್ಡು ಕಾಣದಾಯಿತು. ಇವನನ್ನು ಕಳೆದುಕೊಂಡು ದನಿಯೊಂದನ್ನು ಮನೆಗೆ ಒಯ್ದು ಏನು ಮಾಡಲಿ ಎಂದು ಆಗ ಅವಳಿಗೆ ಖಚಿತವಾಯಿತು. ಆ ಮಾತನ್ನು ರೆಕಾರ್ಡು ಮಾಡಿಕೊಳ್ಳಬೇಕೆಂದು ಇಬ್ಬರಲ್ಲಿ ಒಬ್ಬರಿಗೂ ನೆನಪಾಗಲಿಲ್ಲ. ನೆನಪಾಗುವಷ್ಟರಲ್ಲಿ ದನಿಯ ಕಡತವನ್ನು ಅಳಿಸುವ ಆಜ್ಞೆಯನ್ನು ಅವಳು ತಾನೇ ಒತ್ತಿಯಾಗಿತ್ತು.

ನಾಲ್ಕು ಎಂಬಿ ಖಾಲಿಯಾಯಿತು. ನಕಲು ಮಾಡುವ ಪ್ರೋಗ್ರಾಮು ಒಳಗೆ ಬಂದು ಕೂತಿತು. ಹಳೆಯ ಯಂತ್ರದಿಂದ ಹೊಸದಕ್ಕೆ ಎಳೆದ ವೈರಿನಲ್ಲಿ ಕಲ್ಮೇಶಪ್ಪ ತೊಟ್ಟು ತೊಟ್ಟಾಗಿ ಇಳಿಯತೊಡಗಿದ. ಮಧ್ಯಾಹ್ನವೆಲ್ಲ ಅದರಲ್ಲೇ ಹೋಯಿತು. ಮೆಹರು ಊಟ ತರಿಸಿದಳು. ನೀಲಾಂಬಿಕಾ ಮುಟ್ಟಲಿಲ್ಲ. ಎರಡು ಕಡೆ ಅಕ್ಷರ ತಪ್ಪಿದಾಗ ಮತ್ತೆ ಕಳಿಸಬೇಕಾಯಿತು. ಒಂದು ಕಡೆ ಮತ್ತೆ ಕಳಿಸಿದರೂ ಕೆಟ್ಟದ್ದೇ ಬಂತು. ಅಲ್ಲಿ ಏನಿತ್ತೋ, ಯಾವ ಊರಿನ ಯಾವ ನಗೆಯೋ, ಯಾರಿಗೆ ಗೊತ್ತು.

ಕೊನೆಯ ತುಂಡು ಬಂದು ಸೇರಿದ ಮೇಲೆ ಮೆಹರು ಕೇಳಿದಳು. "ಹೊಸದರಾಗ ಎಷ್ಟು ಮೆಮೊರಿ ಕೊಡ್ಲಿ ಮೇಡಂ? ಬೇಕಾದಷ್ಟು ಐತಿ. ನೂರು ಪಟ್ಟು ಕೊಟ್ರೂ ತಿಳಿಯೂದಿಲ್ಲ."

"ನಾಲ್ಕು" ಎಂದಳು ನೀಲಾಂಬಿಕಾ. "ಅದರ ಮ್ಯಾಲೆ ಒಂದ್ ಚೂರೂ ಬ್ಯಾಡ."

ಹಳೆಯ ಯಂತ್ರದ ಸ್ವಿಚ್ಚನ್ನು ಅವಳೇ ಆರಿಸಿದಳು. ಇಷ್ಟು ವರ್ಷ ಹಗಲೂ ರಾತ್ರಿ ತಿರುಗಿದ ಅದರ ಫ್ಯಾನು ನಿಧಾನವಾಗಿ ನಿಂತಿತು. ಆ ಗುಂಯ್‌ಗುಡುವ ಸದ್ದು ತನ್ನ ಕಿವಿಯಲ್ಲಿತ್ತು ಎಂಬುದೇ ಅವಳಿಗೆ ಅದು ನಿಂತ ಮೇಲೆ ತಿಳಿಯಿತು. ಕೋಣೆ ಒಮ್ಮೆಗೇ ದೊಡ್ಡದಾಯಿತು. ಮೆಹರು ಏನೋ ನೆಪ ತೆಗೆದು ಆಚೆ ಕೋಣೆಗೆ ಹೋದಳು.

ಹೊಸ ಪರದೆಯ ಮೇಲೆ ಒಂದು ಗೆರೆ ಮಿನುಗುತ್ತಿತ್ತು. ನೀಲಾಂಬಿಕಾ ಕೀಬೋರ್ಡಿನ ಮೇಲೆ ಕೈಯಿಟ್ಟಳು. ಏನು ಬರೆಯಬೇಕೆಂದು ತೋಚಲಿಲ್ಲ. ಬರೆದರೆ ಉತ್ತರ ಬರುತ್ತದೆ, ಅದು ಮೌನವಾಗಿ ಬರುತ್ತದೆ. ಅದನ್ನು ನೋಡುವ ಧೈರ್ಯ ಅವಳಿಗೆ ಇನ್ನೂ ಬಂದಿರಲಿಲ್ಲ. ಹಾಗೇ ಕೂತಳು. ಯಾರೂ ಏನೂ ಒತ್ತದಿದ್ದರೆ, ವ್ಯಾನಿನಲ್ಲಿ ಆದಂತೆ, ಒಮ್ಮೊಮ್ಮೆ ತಾನೇ ಮಾತು ತೆಗೆಯುವುದು ಆ ಪ್ರೋಗ್ರಾಮಿನ ರೂಢಿ. ಆ ಗಳಿಗೆಯಲ್ಲಿ ಅವಳು ಅದನ್ನು ಮರೆತಿದ್ದಳು.

ಪರದೆಯ ಮೇಲೆ ಅಕ್ಷರಗಳು ಮೂಡಿದವು.

"ಯಾಕ ಸುಮ್ಮನ ಕುಂತಿ? ಹೋಗಿದ್ದು ನನ್ನ ದನಿ. ನಿನ್ನದೇನಾತು?"

ಅವಳು ಅದನ್ನು ಕಣ್ಣಿನಲ್ಲಿ ಓದಿದಳು. ಮತ್ತೊಮ್ಮೆ ಓದಿದಳು. ಮೂರನೆಯ ಸಲ ತುಟಿ ಅಲುಗಿದವು. ತನಗೇ ಅರಿವಿಲ್ಲದೆ ಅದನ್ನು ಬಾಯಿಬಿಟ್ಟು, ಅವನು ಎಲ್ಲಿ ತಡೆಯುತ್ತಿದ್ದನೋ ಅಲ್ಲಿ ತಡೆದು, 'ನಿನ್ನದೇನಾತು' ಎನ್ನುವಾಗ ಅವನ ಹಾಗೆಯೇ ತುಸು ಮೇಲೆತ್ತಿ, ಅಂದಳು. ವಯಸ್ಸಾದ ಹೆಂಗಸಿನ ಒಡೆದ ದನಿ. ಆ ಖಾಲಿ ಕೋಣೆಯಲ್ಲಿ ಅದು ಕೇಳಿಸಿಯೂ ಕೇಳಿಸದಷ್ಟು ಸಣ್ಣಗಿತ್ತು.

ಕೀಬೋರ್ಡನ್ನು ಅವಳು ಮುಟ್ಟಿರಲಿಲ್ಲ. ಗೆರೆ ಮಿನುಗಿ ಮಿನುಗಿ ಮತ್ತೆ ಮುಂದಕ್ಕೆ ಸರಿಯಿತು.

"ಜೋರಾಗಿ ಓದು. ಹಿಂದ ಕುಂತವರಿಗೆ ಕೇಳಸಲಿಲ್ಲ."

ನೀಲಾಂಬಿಕಾ ಕುರ್ಚಿ ಹಿಂದೆ ಸರಿಸಿ ಎದ್ದು ನಿಂತಳು. ಗಂಟಲು ಸರಿಮಾಡಿಕೊಂಡಳು, ಸೆರಗು ಸೊಂಟಕ್ಕೆ ಸಿಕ್ಕಿಸಿದಳು. ಆಚೆ ಕೋಣೆಯಿಂದ ಮೆಹರು ಓಡಿ ಬರುವ ಹಾಗೆ, ಗಟ್ಟಿಯಾಗಿ ಓದಿದಳು.